ನಿಂತ ನೀರಿನ ಅಳತೆ

"ಟ್ಯಾಂಕ್ ತುಂಬ ನೀರಿತ್ತು ಅಮ್ಮಾವ್ರೇ. ಪಂಪೂ ಓಡ್ತಿತ್ತು, ನಾನೇ ಕೇಳಿಸ್ಕೊಂಡೆ. ಬೆಂಕಿ ಆರ್ಸೋ ಮ್ಯಾಲಿನ ಪೈಪಿಂದ ಹನಿ ಉದುರಿದ್ದು ಬುಟ್ರೆ ಏನೂ ಬರ್ಲಿಲ್ಲ."

ಇನ್‌ಸ್ಪೆಕ್ಟರ್ ಪುಷ್ಪಲತಾ ದೂರನ್ನು ಮತ್ತೊಮ್ಮೆ ಓದಿದರು. ಮೇ 6, ಬೆಳಿಗ್ಗೆ 11.20. ಕೆಂಕೆರೆ ರಸ್ತೆಯ ಕಾಯಿಪುಡಿ ಫ್ಯಾಕ್ಟರಿಯ ಡ್ರೈಯರ್ ಕೋಣೆಗೆ ಬೆಂಕಿ. ಎದುರು ಕುಳಿತ ಸಣ್ಣತಿಮ್ಮಯ್ಯನ ಹೆಂಡತಿ ಚಿಕ್ಕಗಂಗಮ್ಮ ಹೊರಗೆ ಬರಲಾಗದೆ ಸತ್ತಿದ್ದಳು.

"ಪರಿಹಾರದ ಅರ್ಜಿ ಬೇರೆ ಕೊಡಬೇಕು."

"ಅದಲ್ಲ ಕಣವ್ವ. ನೀರು ಯಾಕ್ ಬರ್ಲಿಲ್ಲ, ಅಷ್ಟು ಹೇಳಿ ಸಾಕು."

ನಿರ್ಲಕ್ಷ್ಯದಿಂದ ಸಾವು ಎಂದು ಮಧ್ಯಾಹ್ನ 3.40ಕ್ಕೆ ಎಫ್‌ಐಆರ್ ದಾಖಲಾಯಿತು.

ಮರುದಿನ ಪಂಚನಾಮೆ. ಅಗ್ನಿಶಾಮಕ ಅಧಿಕಾರಿ ಪಂಪಿಗೆ ನೀರು ಬರುವ ಕಡೆಯ ಮೀಟರ್ ತೋರಿಸಿದರು. ವಾಲ್ವ್ ಮುಚ್ಚಿದ್ದಾಗ ಒತ್ತಡ 1.2 ಕೇಜಿ. ಪಂಪ್ ಓಡಿಸಿ ವಾಲ್ವ್ ಪೂರ್ತಿ ತೆರೆದರೆ ಮುಳ್ಳು ಸೊನ್ನೆಗೆ ಬಿತ್ತು.

"ಟ್ಯಾಂಕಿಂದ ಇಲ್ಲಿಗೆ ಇನ್ನೂರು ಅಡಿ ಹಳೇ ಪೈಪು ಮೇಡಂ, ಒಳಗೆಲ್ಲ ತುಕ್ಕು. ನೀರು ನಿಂತಾಗ ಅದು ಗೊತ್ತಾಗಲ್ಲ, ಹರಿದಾಗಲೇ ಗೊತ್ತಾಗೋದು. ಪಂಪ್ ಬದಲಾಯಿಸೋಕೆ ಮುಂಚೆ ನೀರು ಹರಿಸಿ ಅಳೀಬೇಕು. ಹರಿದಾಗಲೂ 1.2 ಬಂದೇ ಬರುತ್ತೆ ಅಂತ ನಂಬಿ ಚಿಕ್ಕ ಪಂಪ್ ತಂದಿದಾರೆ."

ಆದರೆ ಪಂಪ್ ಬದಲಾಯಿಸುವ ಮುಂಚೆ ಮಾಡಿದ ಅಳತೆಯ ವರದಿ ಬೇರೆಯೇ ಹೇಳುತ್ತಿತ್ತು. 'ಮಾರ್ಚ್ 18, ಬೆಳಿಗ್ಗೆ 10ರಿಂದ 10.15. ವಾಲ್ವ್ ಪೂರ್ತಿ ತೆರೆದು ಅಳೆದದ್ದು, 1.2.' ಕೆಳಗೆ ತಿಪಟೂರಿನ ಪಂಪ್ ಮೆಕ್ಯಾನಿಕ್ ಹಾಲಸ್ವಾಮಿಯ ಸಹಿ.

"ಪೈಪು ಆಮೇಲೆ ಕಟ್ಕೊಂಡಿರಬೋದಲ್ವಾ ಮೇಡಂ?" ಎಂದರು ಹೆಡ್ ಕಾನ್‌ಸ್ಟೆಬಲ್ ಶಂಭುಲಿಂಗಯ್ಯ. "ಲಾಯರ್ ಇದನ್ನೇ ಕೇಳ್ತಾನೆ ನೋಡಿ."

ಕೇಳಿಯೇ ಕೇಳುತ್ತಾನೆ. ಹದಿನೈದು ನಿಮಿಷ ಹರಿಸಿದ್ದರೆ ಮೂವತ್ತು ಸಾವಿರ ಲೀಟರ್ ಹೊರಗೆ ಹೋಗಿ ಟ್ಯಾಂಕ್ ಬರಿದಾಗಿರಬೇಕು. ಬೋರ್‌ವೆಲ್ ಅಷ್ಟನ್ನು ತುಂಬಲು ಎರಡು ದಿನ. ಕೆಲಸದವರ ಸಾಲುಮನೆಗಳ ನಲ್ಲಿಗೂ ಅದೇ ಟ್ಯಾಂಕ್; ಅಂದು ಸಂಜೆ ಅಲ್ಲಿ ನೀರು ಬಂದಿರಬಾರದು. ಪುಷ್ಪಲತಾ ಸಾಲುಮನೆಯ ಕಡೆ ನಡೆದರು. ಮೊದಲ ಬಾಗಿಲಲ್ಲಿ ಫ್ಯಾಕ್ಟರಿಯ ಕೆಲಸದಾಕೆಯೊಬ್ಬಳು ಸಿಕ್ಕಳು.

"ಮಾರ್ಚ್ ಹದಿನೆಂಟು ನೀರು ಬಂದಿತ್ತಾ?"

"ತಾರೀಕು ನಂಗೇನ್ ಗೊತ್ತು."

"ಯುಗಾದಿ ಹಿಂದಿನ ದಿನ."

"ಹಂಗೆ ಕೇಳಿ ಮತ್ತೆ. ಬಂತು, ಸಂಜೆ ಮನೆಗೆ ಇಪ್ಪತ್ತು ಕೊಡ."

"ಅಷ್ಟು ಕರಾರುವಾಕ್ಕಾಗಿ ಹೆಂಗಮ್ಮ?" ಶಂಭುಲಿಂಗಯ್ಯ ಕೇಳಿದರು.

"ನಿಮ್ಮನೇಲಿ ನಲ್ಲಿ ತಿರುವಿದ್ರೆ ಬತ್ತದೆ, ನೀವ್ಯಾಕೆ ಎಣಿಸ್ತೀರಿ ಸಾಮಿ. ಹೊತ್ತೋರು ಎಣಿಸ್ತಾರೆ."

ಸಾಲಿನ ಉಳಿದ ಮನೆಗಳೂ ಅದನ್ನೇ ಹೇಳಿದವು.

ಮೇ 9, ಮಧ್ಯಾಹ್ನ 2.30. ಠಾಣೆಯಲ್ಲಿ ಹಾಲಸ್ವಾಮಿ. ಐವತ್ತು ದಾಟಿದ ಮನುಷ್ಯ, ಉಗುರಿನ ಸಂದಿಯಲ್ಲಿ ಗ್ರೀಸು.

"ವಾಲ್ವ್ ತೆಗೆದ್ರಾ?"

"ತೆಗ್ದೆ."

"ಎಷ್ಟು ಹೊತ್ತು?"

"ಕಾಲು ಗಂಟೆ."

"ಅವತ್ತು ಸಂಜೆ ಮನೆಗೆ ಇಪ್ಪತ್ತು ಕೊಡ ನೀರು ಬಂದಿದೆ. ಎಲ್ಲಿಂದ?"

ಹಾಲಸ್ವಾಮಿ ಮೇಜಿನ ಮೇಲಿದ್ದ ಕೈಗಳನ್ನು ಕೆಳಗಿಳಿಸಿದ.

"ತೆಗೀಲಿಲ್ಲ ಮೇಡಂ. ಚಕ್ರದ ಮೇಲೆ ಕೈ ಇಟ್ಟಿದ್ದೆ. ಒಬ್ಬ ಹೆಣ್ಮಗಳು ಬಂದ್ಲು. 'ನಾಳೆ ಹಬ್ಬ ಕಣಣ್ಣ, ಮನೆ ತೊಳೀಬೇಕು. ಅಷ್ಟು ನೀರ ಮಣ್ಣಿಗೆ ಬುಡಬ್ಯಾಡ' ಅಂದ್ಲು. ನಮ್ಮನೇಲೂ ಹೆಂಗಸ್ರೇ ನೀರು ಹೊರೋದು. ಮನಸ್ಸು ಬರ್ಲಿಲ್ಲ. ನಿಂತ ನೀರಿಂದೇ ನೋಡ್ಕೊಂಡು ಬರ್ದೆ. ಹಬ್ಬ ಮುಗುದ್ಮೇಲೆ ಬಂದು ಅಳೆಯೋಣ ಅಂದ್ಕೊಂಡೆ. ಬೇರೆ ಕೆಲ್ಸ ಬಂತು."

"ಯಾರಾಕೆ?"

"ಹೆಸರು ಗೊತ್ತಿರ್ಲಿಲ್ಲ. ಮೊನ್ನೆ ಪೇಪರ್‌ನಾಗೆ ಬೆಂಕೀಲಿ ಸತ್ತೋಳು ಅಂತ ಫೋಟೋ ಹಾಕಿದ್ರಲ್ಲ, ಅವ್ಳೇ."

ಶಂಭುಲಿಂಗಯ್ಯನವರ ಪೆನ್ನು ನಿಂತಿತು. "ಇದನ್ನೂ ಬರೀಲಾ ಮೇಡಂ?"

"ಬರೀರಿ."

4.10ಕ್ಕೆ ಬಂಧನ. ಸುಳ್ಳು ವರದಿಯ ಕಲಮೂ ಸೇರಿತು. ಬಂಧನದ ಪತ್ರಕ್ಕೆ ಹಾಲಸ್ವಾಮಿ ಸಹಿ ಮಾಡಿದ.

ಹೊರಗೆ ಬೇವಿನ ಮರದ ಕೆಳಗೆ ಸಣ್ಣತಿಮ್ಮಯ್ಯ ಬೆಳಿಗ್ಗೆಯಿಂದ ಕಾದಿದ್ದ.

"ಗೊತ್ತಾಯ್ತಾ ಅವ್ವ?"

"ಅಳತೆ ಸುಳ್ಳು ಬರೆದಿದ್ದ. ಅದಕ್ಕೇ ಚಿಕ್ಕ ಪಂಪು ಬಂತು."

"ಯಾಕಂತೆ?"

ಕೋರ್ಟಿನಲ್ಲಿ ಯಾರೋ ಗುರುತಿಲ್ಲದವರು ಅದನ್ನು ಗಟ್ಟಿಯಾಗಿ ಓದುವ ದಿನ ಬಂದೇ ಬರುತ್ತದೆ. ಪುಷ್ಪಲತಾ ಅವನ ಪಕ್ಕ ಕಟ್ಟೆಯ ಮೇಲೆ ಕುಳಿತು, ಮೆಲ್ಲಗೆ, ಇದ್ದದ್ದನ್ನು ಇದ್ದಂತೆ ಹೇಳಿದರು.

"ನೀರು ಬೇಕು ಅಂತ ಹೇಳ್ಕಳ್ಸಿದ್ದು ನಾನೇ ಕಣವ್ವ," ಎಂದ ಸಣ್ಣತಿಮ್ಮಯ್ಯ. "ಅವ್ಳು ಹೋಗಲ್ಲ ಅಂದಿದ್ಲು."

ಠಾಣೆಯ ಮುಂದೆ ಅವನು ಹತ್ತಬೇಕಿದ್ದ ಹುಳಿಯಾರಿನ ಬಸ್ಸು ನಿಂತಿತು. ಕಂಡಕ್ಟರ್ ಅವನನ್ನು ನೋಡಿ ಎರಡು ಸಲ ಕೂಗಿದ; ಅವನು ಕಟ್ಟೆಯಿಂದ ಏಳಲಿಲ್ಲ. ಆಮೇಲೆ ಬಾಗಿಲು ಹಾಕಿಕೊಂಡು ಸೀಟಿ ಊದಿದ.