ಮೂರು ಸಾಲು ಹಿಡಿಯದ ಬ್ರೇಸ್

“ಆ ಬ್ರಾಕೆಟ್ಟಿಗೋಸ್ಕರ ಇವತ್ತೂ ಬಸ್ ಹತ್ತಿ ಬಂದ್ಯಾ, ಮೋಳೇ?” ಪಕ್ಕದ ಚಾಯ ಅಂಗಡಿಯ ತಂಗಮ್ಮ ಚೇಚಿ, ಊರಿಗೆಲ್ಲ ಅಕ್ಕ, ಮಗಳನ್ನು ಕರೆಯುವಂತೆ ಕೇಳಿದಳು.

“ಬ್ರಾಕೆಟ್ಟಲ್ಲ ಚೇಚಿ, ಬ್ರೇಸ್. ಇದು ಏಳನೇ ಸಲ.” ಸೀತ, ಚೆಲುವರಾಜುವಿನ ಡಿಟಿಪಿ ಅಂಗಡಿಗೆ ನುಗ್ಗಿ ಪ್ರೂಫ್ ಹಾಳೆಯನ್ನು ಮೇಜಿನ ಮೇಲಿಟ್ಟಳು.

ಗಣಿತವನ್ನು ಚೆಂದವಾಗಿ ಜೋಡಿಸುವ ಲೇಟೆಕ್ ತಂತ್ರಾಂಶ ಗಡಿಯಾಚೆಯ ಪುಲ್ಪಳ್ಳಿಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಮದುವೆ ಕಾಗದಗಳ ನಡುವೆ ತಾನೇ ಕಲಿತದ್ದು. ಕೊಳವಳ್ಳಿಯ ಸೀತ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಾಳೆ. ಅವಳ ಪಿಎಚ್‌ಡಿ ಪ್ರಬಂಧವೆಲ್ಲ ಮುಗಿದು ಒಂದೇ ಒಂದು ಮ್ಯಾಟ್ರಿಕ್ಸ್ ಉಳಿದಿತ್ತು: ಐದು ಸಾಲು, ಮೊದಲ ಮೂರನ್ನು ಬಲಗಡೆಯಿಂದ ತಬ್ಬುವ ಬ್ರೇಸ್ ಎಂಬ ಸುರುಳಿ ಆವರಣ, ಅದರ ಪಕ್ಕ ‘ತ್ರೀ ರೋಸ್’, ಅಂದರೆ ಮೂರು ಸಾಲು, ಎಂಬ ಲೇಬಲ್. ಶುಕ್ರವಾರ ಗೈಡ್‌ಗೆ ಕೊಡಬೇಕು.

“ಎರಡೂವರೆ ಸಾಲು ಹಿಡಿದಿದೆ ನೋಡಿ ರಾಜು. ನನ್ನ ಪ್ರಮೇಯದಲ್ಲಿ ಅರ್ಧ ಸಾಲಿಲ್ಲ.”

“ಹೋದ ವಾರ ನೀವೇ ಎರಡನೇ ಸಾಲಿಗೆ ಭಿನ್ನರಾಶಿ ಹಾಕಿದ್ರಿ ಟೀಚರೇ. ಸಾಲು ಎತ್ತರ ಆಯ್ತು. ಬ್ರೇಸಿಗೆ ಯಾರು ಹೇಳ್ತಾರೆ?”

“ನೀವು ಹೇಳ್ಬೇಕು.”

“ಹೇಳ್ದೆ. ಕೇಳಲ್ಲ, ನಿಮ್ಮ ಥರಾನೇ.”

ಅವಳು ದುರುಗುಟ್ಟಿ ನೋಡಿದಳು. ಅವನು ಬೇಗನೆ ಪರದೆಯತ್ತ ತಿರುಗಿದ. ಕಿವಿ ಮಾತ್ರ ಕೆಂಪಾಗಿತ್ತು. ಬಾಗಿಲಿಗೆ ಬಂದ ತಂಗಮ್ಮನ ಮೇಲೆ ರೇಗಿದ: “ಚಾಯ ಈ ಕಡೆ ತರ್ಬೇಡಿ ಚೇಚಿ, ಪೇಪರ್ ಇದೆ.”

ಲೇಟೆಕ್‌ನಲ್ಲಿ ಬೇಡದ ಸಾಲಿನ ಮುಂದೆ ಶೇಕಡಾ ಚಿಹ್ನೆ ಹಾಕಿದರೆ ಅದು ಅಚ್ಚಾಗುವುದಿಲ್ಲ. ಏಳು ವಾರದ ಸೋತ ಪ್ರಯತ್ನಗಳೂ ಅವನ ಗೊಣಗಾಟಗಳೂ ಆ ಚಿಹ್ನೆಯ ಹಿಂದೆ ಅವಿತಿದ್ದವು. ಕೊನೆಗೆ ಮ್ಯಾಟ್ರಿಕ್ಸಿನ ಆ ಮೂರು ಸಾಲುಗಳನ್ನೇ ಕಣ್ಣಿಗೆ ಬೀಳದಂತೆ ಇನ್ನೊಮ್ಮೆ ಬರೆದು, ಅವುಗಳ ಎತ್ತರಕ್ಕೆ ಬ್ರೇಸನ್ನು ಹೊಂದಿಸಿದ. ಅಷ್ಟು ಹೊತ್ತು ಮರೆಮಾಡಿದ್ದ ಲೇಬಲ್ಲಿನ ಶೇಕಡಾ ಚಿಹ್ನೆಯನ್ನು ಅಳಿಸುವ ಬದಲು, ಅವಸರದಲ್ಲಿ ಅದರ ಕೆಳಗಿನ ಗೊಣಗಾಟದ ಸಾಲಿನದನ್ನು ಅಳಿಸಿ ಪ್ರಿಂಟ್ ಕೊಟ್ಟ.

ಬ್ರೇಸ್ ಸರಿಯಾಗಿ ಮೂರು ಸಾಲು ಹಿಡಿದಿತ್ತು. ಪಕ್ಕದಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ: ‘ಇದು ಸರಿಯಾದ್ರೆ ಟೀಚರ್ ಇನ್ನು ಬರಲ್ಲ.’

ಸೀತ ಎರಡು ಸಲ ಓದಿದಳು.

“ಅಂದ್ರೆ ಏಳು ವಾರ ಬೇಕಂತಲೇ ಕೆಡಿಸಿದ್ರಾ?” ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು.

“ಇಲ್ಲ ಟೀಚರೇ. ಕೆಟ್ಟಿದ್ದು ತಾನಾಗೇ. ಸರಿ ಮಾಡೋಕೆ ಎಷ್ಟು ಒದ್ದಾಡಿದೀನಿ ಅಂತ ಚೇಚೀನ ಕೇಳಿ.” ಅವನು ಕೀಬೋರ್ಡ್ ನೋಡುತ್ತ ಹೇಳಿದ. “ಆಗ್ದೇ ಇದ್ದಾಗ ಸ್ವಲ್ಪ ಸಂತೋಷ ಆಗ್ತಿತ್ತು. ಅಷ್ಟು ತಪ್ಪು ನಂದು.”

ಅವಳು ಕೆಂಪು ಪೆನ್ನು ತೆಗೆದು ಆ ಸಾಲಿನ ಸುತ್ತ ಗೆರೆ ಎಳೆದಳು.

“ಇದು ತಪ್ಪು.”

“ತೆಗೀತೀನಿ.”

“ತೆಗೀರಿ. ಆದ್ರೆ ನಾನು ಹೇಳಿದ್ದು ಅದಲ್ಲ. ಬ್ರೇಸ್ ಸರಿಯಾದ್ರೆ ಟೀಚರ್ ಬರಲ್ಲ ಅಂತ ಎಲ್ಲಿ ಸಾಧಿಸಿದ್ದೀರಿ? ಬರೀ ಊಹೆ.”

ಅವನು ತಲೆಯೆತ್ತಿದ. ಅವಳು ಪೆನ್ನಿನ ಮುಚ್ಚಳ ಹಾಕುವುದರಲ್ಲಿ ಬೇಕಿಲ್ಲದಷ್ಟು ಹೊತ್ತು ಕಳೆದಳು.

“ಭಾನುವಾರ ಅಂಗಡಿ ತೆಗೀತೀರಾ?”

“ಇಲ್ಲ, ರಜೆ.”

“ಹಾಗಾದ್ರೆ ಭಾನುವಾರ ಬರ್ತೀನಿ. ಯಾವ ಫೈಲೂ ತೆರೀಬೇಡಿ.”

ಹೊರಗೆ ಕೊಳವಳ್ಳಿ ಬಸ್ಸು ಎರಡು ಸಲ ಹಾರ್ನ್ ಹೊಡೆದು ಹೊರಟುಹೋಯಿತು. ತಂಗಮ್ಮ ಚೇಚಿ ಒಳಬಂದು ಎರಡು ಗ್ಲಾಸ್ ಚಾಯವನ್ನು ಪ್ರೂಫ್ ಹಾಳೆಯ ಮೇಲೆಯೇ ಇಟ್ಟಳು. ಬ್ರೇಸಿನ ಮೇಲೆ ದುಂಡನೆಯ ಕಲೆ ನಿಧಾನವಾಗಿ ಹರಡಿತು. ಅವನು ರೇಗಲಿಲ್ಲ.