ಉಳವಪ್ಪನ ಗುಳಿಗೆ

ನಾಗವ್ವನ ಸೀರೆಗಳನ್ನು ಗಂಟು ಕಟ್ಟಿ ಅಂಗಳಕ್ಕೆ ತಂದಿಟ್ಟವಳು ಅತ್ತೆ ವೀರವ್ವನೇ. ಸೊಸೆಯನ್ನು ರಟ್ಟೀಹಳ್ಳಿಯ ತವರಿಗೆ ಬಿಟ್ಟುಬರಲು ಚಕ್ಕಡಿಯೂ ಹೂಡಿ ನಿಂತಿತ್ತು. ಒಳಗೆ ಗಂಡ ಉಳವಪ್ಪ ಮುಖ, ಕುತ್ತಿಗೆ, ಎದೆಯೆಲ್ಲ ಕೆಂಪಾಗಿ, ಮೈಮೇಲೆ ಕೆಂಡ ಸುರಿದಂತೆ ಒದ್ದಾಡುತ್ತಿದ್ದ. ಹೀಗಾಗುತ್ತಿರುವುದು ಇದು ಮೂರನೆಯ ಮುಂಜಾನೆ...

ಹುಬ್ಬಳ್ಳಿಯ ಡಾಕ್ಟರು ಅವನ ರಕ್ತ ಪರೀಕ್ಷಿಸಿ, ಕೊಲೆಸ್ಟರಾಲ್ ಎಂಬ ಕೊಬ್ಬು ಏರಿದೆ, ಹೀಗೇ ಬಿಟ್ಟರೆ ಎದೆಗೆ ಅಪಾಯ ಎಂದಿದ್ದರು. ಅರವತ್ತೈದನೆಯ ಇಸವಿಯಲ್ಲಿ ಅವರ ಓಣಿಯಲ್ಲಿ ಯಾರೂ ಕೇಳಿರದ ಹೆಸರು. ಅಂದಿನಿಂದ ನಾಗವ್ವ ಅವನ ತಾಟಿಗೆ ಬೆಣ್ಣೆ, ಕೆನೆಮೊಸರು ಬಡಿಸಿರಲಿಲ್ಲ. ಮಗನನ್ನು ಉಪವಾಸ ಕೆಡವಿದಳೆಂದು ವೀರವ್ವ ಮನೆಮನೆಗೂ ಹೇಳಿ ಬಂದಿದ್ದಳು. ಈಗ ಮಾತು ಇನ್ನೂ ಮುಂದೆ ಹೋಗಿತ್ತು.

"ಅಡಗ್ಯಾಗ ಏನ್ ಕಲಿಸಿದಿ? ಹೇಳಿ ಹೋಗು."

ನಾಗವ್ವ ಹನ್ನೊಂದು ವರ್ಷ ಬೇಯಿಸಿ ಹಾಕಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ನಿಂತಳು. ಆಣೆ ಮಾಡಿದರೂ ನಂಬದವರಿಗೆ ಏನೆಂದು ಹೇಳುವುದು!

ಅಷ್ಟರಲ್ಲಿ ಅವಳೇ ಹೇಳಿಕಳಿಸಿದ್ದ ಪರಮೇಶಪ್ಪ ಬಂದ. ಹಾನಗಲ್ಲಿನ ಬಸ್ ಸ್ಟ್ಯಾಂಡಿನೆದುರು ಔಷಧದ ಅಂಗಡಿಯಿಟ್ಟವನು, ಫಾರ್ಮಸಿ ಓದಿದವನು. ಡಾಕ್ಟರು ಬರೆದುಕೊಟ್ಟ ಕೊಬ್ಬಿಳಿಸುವ ಗುಳಿಗೆಯನ್ನು ಉಳವಪ್ಪ ಮೂರು ದಿನದ ಹಿಂದೆ ಕೊಂಡದ್ದು ಅವನಲ್ಲೇ. ನಾಡಿ ಹಿಡಿದು ನೋಡಿ, ಗುಳಿಗೆ ನುಂಗಿ ಎಷ್ಟು ಹೊತ್ತಾಯಿತು ಎಂದು ಕೇಳಿದ. ಉಳವಪ್ಪ ತಾಯಿಯತ್ತ ನೋಡಿದ. ಆ ಮನೆಯಲ್ಲಿ ಔಷಧ ಕೊಡುವುದು ಹಿರಿಯಳ ಹಕ್ಕು. ಕಷಾಯವಿರಲಿ, ಗುಳಿಗೆಯಿರಲಿ, ಅದು ನಸುಕಿನಲ್ಲಿ, ಬರಿಹೊಟ್ಟೆಗೆ.

"ನಾನ ಕೊಟ್ಟೇನಿ," ಎಂದಳು ವೀರವ್ವ. "ಬರೇ ಹೊಟ್ಟಿಗೆ ಕೊಟ್ರ ತಾನ ಔಷಧ ಹತ್ತೋದು?"

"ಇದು ಹಂಗಲ್ರಿ ಅವ್ವ. ಉಂಡ ಮ್ಯಾಲ ತಗೋ ಅಂತ ಇವಗ ಎರಡ ಸಲ ಹೇಳಿದ್ದೆ. ಬರೇ ಹೊಟ್ಟಿಗೆ ಬಿದ್ರ ಮೈ ಹಿಂಗ ಉರಿತೈತಿ. ತಾಸಿನಾಗ ಇಳಿತೈತಿ, ಅಂಜಬ್ಯಾಡ್ರಿ. ಅಡಗಿದೇನೂ ತಪ್ಪಿಲ್ಲ. ನಾಗಕ್ಕ ಬೆಣ್ಣಿ ಬಿಡಿಸಿದ್ದು ನನ್ನ ಗುಳಿಗಿಗಿಂತ ದೊಡ್ಡ ಔಷಧರಿ."

ಅವ್ವನಿಗೆ ಎದುರಾಡಲಾಗಲಿಲ್ಲವೆಂದು ಗೊಣಗಿ ಉಳವಪ್ಪ ಗೋಡೆಯತ್ತ ಹೊರಳಿದ. ಕುತ್ತಿಗೆಯ ಕೆಂಪು ಆಗಲೇ ಇಳಿಯತೊಡಗಿತ್ತು.

ವೀರವ್ವ ಬಹಳ ಹೊತ್ತು ತನ್ನ ಅಂಗೈ ನೋಡಿಕೊಂಡಳು. ಮೂರು ದಿನ ಮಗನನ್ನು ಸುಟ್ಟದ್ದು ಈ ಕೈ... ಹೊರಗೆ ಹೋಗಿ ಎತ್ತು ಬಿಚ್ಚಲು ಹೇಳಿ, ಸೀರೆಯ ಗಂಟನ್ನು ತಾನೇ ಒಳಗೆ ತಂದಳು. ಸೊಸೆಯ ಮುಖ ನೋಡುವ ಧೈರ್ಯ ಮಾತ್ರ ಆಗಲಿಲ್ಲ.

ಮರುದಿನ ಉಳವಪ್ಪ ಉಂಡು ಎದ್ದಾಗ ನಾಗವ್ವ ಗುಳಿಗೆಯ ಪೊಟ್ಟಣವನ್ನು ಅತ್ತೆಯ ಮುಂದೆ ಹಿಡಿದಳು. ವೀರವ್ವ ಹಿಂದೆ ಸರಿದಳು.

"ಬ್ಯಾಡ ತಂಗಿ, ಇನ್ನ ನನ್ನ ಕೈಲೆ ಬ್ಯಾಡ."

"ನೀವ ಕೊಡ್ರಿ ಅತ್ತಿ. ಊಟ ಆಗೈತಿ."

ಕೊಟ್ಟಳು. ಕೊಟ್ಟು ಮಗನ ಮುಂದೆಯೇ ಕುಳಿತಳು. ಸೊಸೆಯೂ ಪಕ್ಕದಲ್ಲಿ ಕುಳಿತಳು. ಅರ್ಧ ತಾಸು ಇಬ್ಬರೂ ಕಣ್ಣು ಕೀಳಲಿಲ್ಲ. ಉಳವಪ್ಪನ ಕಿವಿಗಳಷ್ಟೇ ತುಸು ಕೆಂಪಾಗಿ, ಮತ್ತೆ ತಿಳಿಯಾದವು. ವೀರವ್ವ ನಗಲು ಹೋಗಿ ಅತ್ತುಬಿಟ್ಟಳು, ನಾಗವ್ವನ ಹೆಗಲ ಮೇಲೆ.