ತವರಿನಿಂದ ಬಂದ ಗುಲಾಬಿ

ಕಾಗೆಗಳು ಬಾಗಿಲಿಗೆ ಬಂದು ಮನೆಯವರನ್ನು ಹೆಸರು ಹಿಡಿದು ಕರೆಯುತ್ತಿದ್ದ ಕಾಲದಲ್ಲಿ, ಬೆಟ್ಟಗಳ ನಡುವೆ ಕಣಗಿಲೆಗಿರಿ ಎಂಬ ರಾಜ್ಯವಿತ್ತು. ಅಲ್ಲಿ ಎಲ್ಲ ಮನೆಗಳ ಒಳಗೋಡೆಗೂ ಗುಲಾಬಿ ಬಣ್ಣವೇ. ಆದರೆ ಒಂದು ಮನೆಯ ಗುಲಾಬಿ ಇನ್ನೊಂದು ಮನೆಯಲ್ಲಿ ಇರುತ್ತಿರಲಿಲ್ಲ. ಒಬ್ಬರದು ಕಣಗಿಲೆ ಹೂವಿನ ಬಣ್ಣ, ಒಬ್ಬರದು ಈರುಳ್ಳಿ ಸಿಪ್ಪೆಯ ಬಣ್ಣ, ಮತ್ತೊಬ್ಬರದು ಎಳೆಗೂಸಿನ ಹಿಮ್ಮಡಿಯ ಬಣ್ಣ. ಪಡಸಾಲೆಗೆ ಗಾಢವಾಗಿ, ಅಡುಗೆಮನೆಗೆ ಅದಕ್ಕಿಂತ ತಿಳಿಯಾಗಿ, ತೊಟ್ಟಿಲು ತೂಗುವ ಕೋಣೆಗೆ ಇದೆಯೋ ಇಲ್ಲವೋ ಎನ್ನುವಷ್ಟು ನಸುವಾಗಿ ಬಳಿಯುತ್ತಿದ್ದರು. ಸಂಜೆ ದೀಪ ಹಚ್ಚಿದೊಡನೆ ಗೋಡೆಗಳು ಮೆಲ್ಲಗೆ ಉಸಿರಾಡುತ್ತಿದ್ದವು. ಆ ಉಸಿರು ತಾಗಿದ ಮಕ್ಕಳು ಹಾಲು ಕುಡಿಯುತ್ತಲೇ ನಿದ್ದೆ ಹೋಗುತ್ತಿದ್ದರು. ಆ ರಾಜ್ಯದಲ್ಲಿ ಮಕ್ಕಳಿಗೆ ನಿದ್ದೆ ಬರುತ್ತಿದ್ದದ್ದು ಗೋಡೆಯಿಂದ.

ಹೆಣ್ಣುಮಗಳು ಮದುವೆಯಾಗಿ ಹೊರಟಾಗ ತಾಯಿ ಅವಳ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿಯ ಜೊತೆ ತನ್ನ ಗೋಡೆಯ ಬಣ್ಣದ ಒಂದು ಉಂಡೆ ಹಾಕುತ್ತಿದ್ದಳು. ನೀರಿನಲ್ಲಿ ಕಲಸಿದರೆ ಒಂದು ಮನೆಗೆ ಆಗುವಷ್ಟು ಬಣ್ಣ. ದೇವೀರಿ ಎಂಬ ಹುಡುಗಿಗೆ ಹಾಗೆ ತವರಿನಿಂದ ಬಂದದ್ದು ಸೀಬೆಹಣ್ಣಿನ ತಿರುಳಿನ ಬಣ್ಣ.

ದೇವೀರಿಯ ಕೈ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಪಕ್ಕದ ಮನೆಯ ಪುಟ್ಟನಂಜಿ ತನ್ನ ಪಡಸಾಲೆಗೆ ಕಣ್ಣು ಕೋರೈಸುವ ರಾಣಿಗುಲಾಬಿ ಬಳಿದು ಕೇರಿಯವರನ್ನೆಲ್ಲ ಕರೆದು ತೋರಿಸಿದಾಗ, "ಚೆನ್ನಾಗಿದೆ ಕಣಕ್ಕ, ಗೋಡೆಗೆ ಯಾರೋ ಕಪಾಳಕ್ಕೆ ಹೊಡೆದ ಹಾಗಿದೆ" ಎಂದಿದ್ದಳು. ಅಂದಿನಿಂದ ಪುಟ್ಟನಂಜಿ ಅವಳ ಜೊತೆ ಮಾತು ಬಿಟ್ಟಳು. ಆ ಕೇರಿಯಲ್ಲಿ ಹೀಗೆ ಮಾತು ಬಿಟ್ಟವರು ಪುಟ್ಟನಂಜಿ ಒಬ್ಬಳೇ ಅಲ್ಲ.

ಒಂದು ಮಧ್ಯಾಹ್ನ, ಬೆಟ್ಟದಾಚೆಯ ಧವಳಾಕ್ಷ ಎಂಬ ಮಾಂತ್ರಿಕ ಊರ ಮೇಲಿನ ಬಂಡೆ ಹತ್ತಿ ನಿಂತ. ನಿಂತು ಉದ್ದಕ್ಕೆ ಒಂದು ಉಸಿರು ಎಳೆದುಕೊಂಡ. ಗೋಡೆಗಳ ಗುಲಾಬಿ, ಪರದೆಗಳ ಗುಲಾಬಿ, ಹೂಗಳ ಗುಲಾಬಿ, ಕಣ್ಣಿಗೆ ಬಿದ್ದದ್ದೆಲ್ಲ ಎದ್ದು ಅವನ ಮೂಗಿನೊಳಗೆ ಹೋಯಿತು. ರಾಜ್ಯ ಸುಣ್ಣ ಸುರಿದಂತೆ ಬಿಳಿಯಾಯಿತು.

ಅಂದು ಸಂಜೆಯಿಂದ ಯಾವ ಮಗುವೂ ಮಲಗಲಿಲ್ಲ. ತೂಗಿದರೂ ಇಲ್ಲ, ಹಾಡಿದರೂ ಇಲ್ಲ, ಗದರಿದರೂ ಇಲ್ಲ. ಮಕ್ಕಳು ಅತ್ತರು, ತಾಯಂದಿರೂ ಅತ್ತರು, ತಂದೆಯರು ಜಗುಲಿಯ ಮೇಲೆ ಕೂತು ಇದಕ್ಕೆ ಏನಾದರೂ ಮಾಡಬೇಕು ಎಂದರು. ನಿದ್ದೆಗೆಟ್ಟ ಮಕ್ಕಳ ಕಾಲ್ಬೆರಳು ಮೊದಲು ಬೆಳ್ಳಗಾಯಿತು. ಬಿಳುಪು ಮೇಲೇರುತ್ತ ಹೋಯಿತು. ನೆತ್ತಿ ಮುಟ್ಟಿದರೆ ಮಗು ಸುಣ್ಣದ ಬೊಂಬೆ. ಪುಟ್ಟನಂಜಿಯ ಮಗ ಆಗಲೇ ಬೊಂಬೆಯಾಗಿ ತೊಟ್ಟಿಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಅವಳು ಸುಮ್ಮನೆ ತೂಗುತ್ತಿದ್ದಳು. ಆ ತೊಟ್ಟಿಲ ಕಿರುಗುಟ್ಟುವಿಕೆ ಗೋಡೆ ದಾಟಿ ದೇವೀರಿಗೆ ಕೇಳುತ್ತಿತ್ತು.

ರಾಜ ಸೈನ್ಯ ಕಳಿಸಿದ. ಸೈನ್ಯ ಹೋದಷ್ಟೇ ವೇಗವಾಗಿ ವಾಪಸ್ ಬಂತು. ದಾರಿಯಲ್ಲಿ ಮೂರು ಕಾವಲಿದೆಯಂತೆ. ಪ್ರತಿ ಕಾವಲೂ ಒಂದು ಗುಲಾಬಿ ಬಣ್ಣ ತೋರಿಸು ಎನ್ನುತ್ತದಂತೆ. ಬಣ್ಣವೇ ಇಲ್ಲದ ರಾಜ್ಯದಲ್ಲಿ ಯಾರು ಏನು ತೋರಿಸುವುದು?

ಒಂದು ಬೆಳಿಗ್ಗೆ ದೇವೀರಿ ತನ್ನ ಮಗಳು ಮುತ್ತಿಯ ಕಾಲು ತೊಳೆಯುವಾಗ ಹೆಬ್ಬೆರಳು ಬೆಳ್ಳಗಿತ್ತು. ಉಜ್ಜಿದಳು. ಹೋಗಲಿಲ್ಲ.

"ನಾನು ಹೋಗಿ ಬರ್ತೀನಿ ಕಣೆ" ಎಂದ ಅವಳ ಗಂಡ ಜವರ.

"ನೀವಾ? ಉಪ್ಪು ತರೋಕೆ ಸಂತೆಗೆ ಹೋದ್ರೆ ಉಪ್ಪೊಂದು ಬಿಟ್ಟು ಎಲ್ಲ ತರ್ತೀರಿ. ನಾನೇ ಹೋಗ್ತೀನಿ."

"ಮಗೂನ ಬಿಟ್ಟು ಹೋಗು ಮತ್ತೆ."

"ಬಿಟ್ಟು ಹೋದ್ರೆ ಅಳೋದು ಅವಳಲ್ಲ, ನೀವು. ಒಲೆ ನೋಡ್ಕೊಳ್ಳಿ."

ಮುತ್ತಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಬಿದ್ದು ಗಾಯವಾದರೆ ಹಚ್ಚಲು ಬೇಕೆಂದು ಚೂರು ಅರಿಶಿನದ ಪುಡಿ ಸೆರಗಿಗೆ ಗಂಟು ಹಾಕಿಕೊಂಡು ಹೊರಟಳು.

ಮೊದಲು ಒಂದು ಕೆರೆ. ಕೆರೆಯ ಏರಿಯ ಮೇಲೆ ತೆಂಗಿನಮರದಷ್ಟು ಎತ್ತರದ ರಾಜಹಂಸ ಒಂಟಿ ಕಾಲಲ್ಲಿ ನಿಂತಿತ್ತು.

"ಗುಲಾಬಿ ತೋರಿಸು, ದಾರಿ ಬಿಡ್ತೀನಿ. ತೋರಿಸದಿದ್ರೆ ನೀನೂ ಬಿಳಿ" ಎಂದಿತು ಹಂಸ.

ದೇವೀರಿ ಸುತ್ತ ನೋಡಿದಳು. ತಾವರೆ ಬಿಳಿ, ನೀರು ಬಿಳಿ, ಕಲ್ಲು ಬಿಳಿ. ಅಷ್ಟರಲ್ಲಿ ಆ ದೊಡ್ಡ ಕೊಕ್ಕು ಕಂಡು ಹೆದರಿದ ಮುತ್ತಿ ಊರಿಗೆಲ್ಲ ಕೇಳುವಂತೆ ಬಾಯಿ ತೆರೆದು ಅತ್ತಳು.

"ಬಗ್ಗಿ ನೋಡು" ಎಂದಳು ದೇವೀರಿ. "ಒಸಡು ನೋಡು, ನಾಲಿಗೆ ನೋಡು, ಅಂಗುಳು ನೋಡು. ನಿನ್ನ ಯಜಮಾನ ಉಸಿರು ಎಳೆದಾಗ ಇವಳು ಬಾಯಿ ಮುಚ್ಚಿಕೊಂಡಿದ್ಲು. ಅದೊಂದೇ ಸಲ ಮುಚ್ಚಿಕೊಂಡಿದ್ದು."

ಹಂಸ ಬಗ್ಗಿತು. ಎಳೆಮಗುವಿನ ಬಾಯೊಳಗಿನ ಒದ್ದೆ ಗುಲಾಬಿಯನ್ನು ಬಹಳ ಹೊತ್ತು ನೋಡಿತು. "ನಾನೂ ಹೀಗೇ ಇದ್ದೆ" ಎಂದು ಮೆಲ್ಲಗೆ ಅಂದು, ರೆಕ್ಕೆ ಮಡಚಿ ದಾರಿ ಬಿಟ್ಟಿತು.

ಕೆರೆಯಾಚೆಗೆ ಒಂದು ಬಯಲು. ಬಯಲಿನಲ್ಲಿ ಸುಣ್ಣದ ಗೂಳಿ. ಅದು ಹೆಜ್ಜೆ ಇಟ್ಟಲ್ಲೆಲ್ಲ ಬಿಳಿ ಧೂಳು ಏಳುತ್ತಿತ್ತು. ಮುತ್ತಿಯ ಬಿಳುಪು ಮಂಡಿಗೆ ಬಂದಿತ್ತು.

"ಗುಲಾಬಿ ತೋರಿಸು, ದಾರಿ ಬಿಡ್ತೀನಿ. ತೋರಿಸದಿದ್ರೆ ನೀನೂ ಬಿಳಿ" ಎಂದಿತು ಗೂಳಿ.

ದೇವೀರಿ ಮತ್ತೆ ಮುತ್ತಿಯ ಬಾಯಿ ತೆರೆಸಹೋದಳು.

"ಹಳೇದು ನಡೆಯಲ್ಲ. ಹೊಸ ಗುಲಾಬಿ ಬೇಕು."

"ಅಬ್ಬಾ, ಬೀಗರಿಗಿಂತ ಹೆಚ್ಚು ಕೇಳ್ತೀಯಲ್ಲ" ಎನ್ನುತ್ತ ದೇವೀರಿ ಗೂಳಿಯ ಹಣೆ ನೋಡಿದಳು. ಪಾಪ, ಬೋಳು ಹಣೆ. ಒಂದು ಬೊಟ್ಟಿಲ್ಲ. ಅವಳ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಅರಿಶಿನವನ್ನು ನೀರಿನಲ್ಲಿ ಕಲಸಿ ಹಣೆಯ ತುಂಬ ಬಳಿದಳು. ಸುಣ್ಣ ಅರಿಶಿನ ಸೇರಿದರೆ ಏನಾಗುತ್ತದೆ ಎಂದು ಆರತಿ ತಟ್ಟೆ ಹಿಡಿದ ಯಾರಿಗೆ ಗೊತ್ತಿಲ್ಲ? ಗೂಳಿಯ ಹಣೆಯ ಮೇಲೆ ಕೆಂಪು ಎದ್ದಿತು. ಅದು ಹರಡುತ್ತ ಹರಡುತ್ತ ತಿಳಿಯಾಗಿ, ಕುತ್ತಿಗೆಗೆ ಬರುವಷ್ಟರಲ್ಲಿ ಬೆಳಗಿನ ಜಾವದ ಆಕಾಶದ ಗುಲಾಬಿಯಾಯಿತು.

ಗೂಳಿ ಕೆರೆಯ ನೀರಿಗೆ ಓಡಿ ತನ್ನ ಮುಖ ನೋಡಿಕೊಂಡಿತು. ಮತ್ತೆ ನೋಡಿಕೊಂಡಿತು. ದಾರಿ ಕಾಯುವುದನ್ನೇ ಮರೆಯಿತು.

ಮುಂದೆ ಧವಳಾಕ್ಷನ ಕೋಟೆ ಬಾಗಿಲು. ಬಾಗಿಲಲ್ಲಿ ಒಬ್ಬ ರಾಕ್ಷಸಿ, ಕೋರೆಹಲ್ಲು, ಕೆದರಿದ ಬಿಳಿಗೂದಲು. ಮುತ್ತಿಯ ಬಿಳುಪು ಎದೆಗೆ ಬಂದಿತ್ತು. ಅವಳು ಈಗ ಅಳುತ್ತಲೂ ಇರಲಿಲ್ಲ.

"ಗುಲಾಬಿ ತೋರಿಸು, ದಾರಿ ಬಿಡ್ತೀನಿ. ತೋರಿಸದಿದ್ರೆ ನೀನೂ ಬಿಳಿ."

ದೇವೀರಿ ಯೋಚಿಸಿದಳು. ಹೊಗಳಿದರೆ ಯಾವ ಹೆಂಗಸಿನ ಕೆನ್ನೆಯೂ ಕೆಂಪಾಗುತ್ತದೆ. ಆದರೆ ಹೊಗಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ನಿಮ್ಮ ಕಣ್ಣು ಕಮಲದ ಹಾಗಿದೆ ಅಮ್ಮ" ಎಂದಳು.

"ಸುಳ್ಳಿ!" ಎಂದಳು ರಾಕ್ಷಸಿ.

"ನಿಮ್ಮ ನಗು ಮುತ್ತಿನ..."

"ನಾನು ನಕ್ಕೇ ಇಲ್ಲವಲ್ಲೇ!"

ದೇವೀರಿ ತಲೆ ತಗ್ಗಿಸಿದಳು. ಆಗ ಅವಳಿಗೆ ಹೊಸ್ತಿಲು ಕಂಡಿತು. ಯಾರೂ ಬರದ ಆ ಬಾಗಿಲ ಮುಂದೆ ಯಾರೋ ಕಸ ಗುಡಿಸಿದ್ದರು, ನೀರು ಚಿಮುಕಿಸಿದ್ದರು, ಅಂಗಳ ತುಂಬುವಂಥ ರಂಗೋಲಿ ಬಿಟ್ಟಿದ್ದರು. ದೇವೀರಿ ತನ್ನ ಅವಸರವನ್ನೂ ಮರೆತು ಕೂತು ನೋಡಿದಳು.

"ಇದನ್ನ ನೀವು ಹಾಕಿದ್ದಾ? ಒಂದು ಎಳೆ ನಡುಗಿಲ್ಲ. ನಮ್ಮವ್ವನಿಗೂ ಈ ಸುಳಿ ಬರ್ತಿರಲಿಲ್ಲ. ಯಾರೂ ನೋಡೋರಿಲ್ಲದಿದ್ರೂ ದಿನಾ ಹಾಕ್ತೀರಾ?"

ರಾಕ್ಷಸಿ ಸೆರಗಿನ ತುದಿಯನ್ನು ಕೋರೆಹಲ್ಲಿನಲ್ಲಿ ಕಚ್ಚಿಕೊಂಡಳು. ಅವಳ ಒರಟು ಕೆನ್ನೆಗಳ ಮೇಲೆ, ಮೊದಲು ಎಡಕ್ಕೆ ಆಮೇಲೆ ಬಲಕ್ಕೆ, ಮೆಲ್ಲಗೆ ಗುಲಾಬಿ ಅರಳಿತು.

"ಒಳಗೆ ಹೋಗು ಮಗಾ" ಎಂದಳು. "ರಂಗೋಲಿ ತುಳೀಬೇಡ."

ಒಳಗೆ ಕಾಲಿಟ್ಟ ದೇವೀರಿ ಕಣ್ಣು ಮುಚ್ಚಿಕೊಂಡಳು. ರಾಜ್ಯದ ಗುಲಾಬಿಯೆಲ್ಲ ಅಲ್ಲಿ ತುರುಕಿಕೊಂಡಿತ್ತು. ಒಂದರ ಮೇಲೊಂದು ಬಳಿದ ಗೋಡೆ, ಗುಲಾಬಿ ಚಾವಣಿ, ಗುಲಾಬಿ ನೆಲ, ಗುಲಾಬಿ ಪರದೆಯ ಹಿಂದೆ ಮತ್ತೊಂದು ಗುಲಾಬಿ ಪರದೆ. ಬಣ್ಣಗಳು ಬಾವಿಕಟ್ಟೆಯ ಹೆಂಗಸರಂತೆ ಒಂದನ್ನೊಂದು ನೂಕುತ್ತಿದ್ದವು. ನಡುವೆ ಮಂಚದ ಮೇಲೆ ಧವಳಾಕ್ಷ ಕಣ್ಣು ಬಿಟ್ಟುಕೊಂಡು ಬಿದ್ದಿದ್ದ. ಮುದುಕ, ಕಡ್ಡಿಯಂಥ ಮೈ, ರೆಪ್ಪೆಗಳ ಅಂಚು ಹುಣ್ಣಾಗಿತ್ತು.

"ಬಂದೆಯಾ" ಎಂದ. "ಇಷ್ಟು ಬಣ್ಣ ತಂದೆ. ಬಳಿದೆ. ಆದರೂ ನನಗೆ ನಿದ್ದೆ ಇಲ್ಲ. ನಿಮ್ಮ ಹಾಲುಗಲ್ಲದ ಮಕ್ಕಳಿಗೆ ಬರೋ ನಿದ್ದೆ ನನಗೆ ಯಾಕಿಲ್ಲ?"

"ಇದು ಮನೆಯಾ? ಹೊಟ್ಟೆಬಾಕ ತಿಂದು ವಾಂತಿ ಮಾಡಿದ ಹಾಗಿದೆ. ಇದರಲ್ಲಿ ನೊಣವೂ ಮಲಗಲ್ಲ."

ಮಾಂತ್ರಿಕ ಕೋಪದಿಂದ ಕೈ ಎತ್ತಿದ. ಆದರೆ ಎತ್ತಿ ಹಿಡಿಯಲಾರದೆ ಕೆಳಗೆ ಬಿಟ್ಟ. "ಮಲಗಿಸು. ಮಲಗಿಸಿದರೆ ನಿನ್ನ ಮನೆಯ ಬಣ್ಣ ವಾಪಸ್ ಕೊಡ್ತೀನಿ."

"ಮೊದಲು ಕೊಡು. ಆಮೇಲೆ ನೋಡೋಣ."

ಬೇರೆ ದಾರಿಯಿಲ್ಲದೆ ಅವನು ಬೆರಳು ಆಡಿಸಿದ. ಮೂಲೆಯೊಂದರಿಂದ ಸೀಬೆಹಣ್ಣಿನ ತಿರುಳಿನ ಬಣ್ಣ ಕಳಚಿ ಬಂದು, ಉಂಡೆಯಾಗಿ ದೇವೀರಿಯ ಅಂಗೈಯಲ್ಲಿ ಕೂತಿತು. ಅಮ್ಮನ ಅಡುಗೆಮನೆಯ ವಾಸನೆ ಬಂತು. ಮುತ್ತಿಯ ಬಿಳುಪು ಕುತ್ತಿಗೆಗೆ ಬಂದಿತ್ತು. ಈಗ ಓಡಿದರೆ ಮನೆ ಸೇರಬಹುದು, ಕೋಣೆಗೆ ಬಳಿಯಬಹುದು, ಮಗಳನ್ನು ಮಲಗಿಸಬಹುದು.

ದೇವೀರಿ ಬಾಗಿಲವರೆಗೂ ಹೋದಳು. ಅಲ್ಲಿ ಅವಳಿಗೆ ಪುಟ್ಟನಂಜಿಯ ಮನೆಯ ತೊಟ್ಟಿಲ ಕಿರುಗುಟ್ಟುವಿಕೆ ಕೇಳಿಸಿತು. ಇಷ್ಟು ದೂರಕ್ಕೆ ಕೇಳಿಸುವುದು ಸಾಧ್ಯವಿರಲಿಲ್ಲ. ಆದರೂ ಕೇಳಿಸಿತು.

ತಿರುಗಿ ಬಂದಳು. "ತಾತ, ನಿನಗೆ ಈ ಬಣ್ಣ ಯಾರಾದರೂ ಕೊಟ್ಟಿದ್ರಾ?"

"ಯಾರು ಕೊಡ್ತಾರೆ? ನಾನೇ ತಂದೆ."

"ಅದೇ ಮತ್ತೆ. ನಮ್ಮಲ್ಲಿ ಬಣ್ಣವನ್ನ ಯಾರೂ ತಾನೇ ತಗೊಳ್ಳಲ್ಲ. ತಾಯಿ ಮಗಳ ಮಡಿಲಿಗೆ ಹಾಕ್ತಾಳೆ. ಕೊಟ್ಟ ಬಣ್ಣ ನಿದ್ದೆ ತರುತ್ತೆ. ಕದ್ದ ಬಣ್ಣ ಕಣ್ಣು ಕುಕ್ಕುತ್ತೆ." ಮುತ್ತಿಯನ್ನು ಬಿಗಿಯಾಗಿ ಅಪ್ಪಿಕೊಂಡಳು. "ಒಡ್ಡು ಮಡಿಲು."

ಮುದುಕ ಮಗುವಿನಂತೆ ಪಂಚೆಯ ತುದಿ ಹಿಡಿದು ಒಡ್ಡಿದ. ದೇವೀರಿ ತವರಿನ ಬಣ್ಣವನ್ನು ಅದರಲ್ಲಿ ಹಾಕಿದಳು.

ಆಮೇಲೆ ಸೆರಗು ಸಿಕ್ಕಿಸಿ ಕೆಲಸಕ್ಕೆ ನಿಂತಳು. ಪರದೆಗಳನ್ನು ಕಿತ್ತಳು. ಬಾಗಿಲಿಗೆ ಎದುರಾಗಿದ್ದ ಮಂಚವನ್ನು ಗೋಡೆಗೆ ಸರಿಸಿದಳು. ಕಿಟಕಿ ತೆರೆದಳು. ಮಲಗಿದವನ ಕಣ್ಣಿಗೆ ಬೀಳುವ ಒಂದೇ ಒಂದು ಗೋಡೆಯನ್ನು ಕೆರೆದು, ಉಂಡೆ ಕಲಸಿ, ಬುಡದಲ್ಲಿ ಗಾಢವಾಗಿ, ಮೇಲೆ ಹೋಗುತ್ತ ತಿಳಿಯಾಗಿ, ತುದಿಯಲ್ಲಿ ಬಿಳಿಯೊಳಗೆ ಕರಗಿಹೋಗುವಂತೆ ಬಳಿದಳು.

ಗೋಡೆ ಉಸಿರಾಡಿತು.

"ಓ" ಎಂದ ಧವಳಾಕ್ಷ. ಅಷ್ಟೇ. ಕಣ್ಣು ಮುಚ್ಚಿತು, ಬಾಯಿ ಸ್ವಲ್ಪ ತೆರೆಯಿತು. ಗೊರಕೆ ಶುರುವಾಯಿತು.

ಗೊರಕೆಯೊಡನೆ ಅವನ ಮಂತ್ರದ ಹಿಡಿತ ಸಡಿಲಾಯಿತು. ಕದ್ದ ಬಣ್ಣಗಳೆಲ್ಲ ಗೋಡೆ ಬಿಟ್ಟೆದ್ದು, ಹಕ್ಕಿಗಳ ಹಿಂಡಿನಂತೆ ಕಿಟಕಿಯಿಂದ ಹಾರಿ ಊರ ಕಡೆ ಹೋದವು. ಸೀಬೆಹಣ್ಣಿನ ಬಣ್ಣ ಮಾತ್ರ ಹೋಗಲಿಲ್ಲ. ಅದು ಕೊಟ್ಟದ್ದು.

ದೇವೀರಿ ಓಡಿದಳು. ಬಾಗಿಲಲ್ಲಿ ರಾಕ್ಷಸಿ "ಹುಷಾರು ಮಗಾ" ಎಂದಳು. ಗೂಳಿ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡಿತು. ಗುಲಾಬಿಯಾದ ಹಂಸ ಕೆರೆ ದಾಟಿಸಿತು. ಊರಿಗೆ ಬಂದರೆ ಮನೆಮನೆಯ ಕಿಟಕಿಯೂ ಗುಲಾಬಿ. ರಾಜ್ಯದ ಮಕ್ಕಳೆಲ್ಲ ಬೊಂಬೆತನ ಕಳೆದು ಆಕಳಿಸುತ್ತಿದ್ದರು. ಅವಳ ಮನೆ ಒಂದೇ ಬೆಳ್ಳಗಿತ್ತು. ಮುತ್ತಿಯ ಗದ್ದ ಬೆಳ್ಳಗಿತ್ತು, ತುಟಿ ಬೆಳ್ಳಗಾಗುತ್ತಿತ್ತು.

ಜವರ ಬಾಗಿಲಲ್ಲಿ ನಿಂತಿದ್ದ. "ನಮ್ಮ ಬಣ್ಣ ಎಲ್ಲಿ?"

"ಕೊಟ್ಟುಬಿಟ್ಟೆ" ಎಂದಳು. ಕೇರಿಯ ಕಡೆ ನೋಡಿದಳು. ಯಾರನ್ನು ಕೇಳುವುದು? ಆ ಬಾಗಿಲುಗಳಲ್ಲಿ ಅವಳು ಕುಟುಕದ ಬಾಗಿಲು ಯಾವುದಿತ್ತು? ಜೀವಮಾನದಲ್ಲಿ ಮೊದಲ ಸಲ ಅವಳ ನಾಲಿಗೆ ಏಳಲಿಲ್ಲ.

ಪಕ್ಕದ ಮನೆಯ ಬಾಗಿಲು ತೆರೆಯಿತು. ಪುಟ್ಟನಂಜಿ ಬಂದಳು. ಕಂಕುಳಲ್ಲಿ ಆಕಳಿಸುವ ಮಗ, ಅಂಗೈಯಲ್ಲಿ ತನ್ನ ಗೋಡೆಯಿಂದ ಕೆರೆದ ರಾಣಿಗುಲಾಬಿ.

"ಹಿಡಿ ಮಡಿಲು" ಎಂದಳು. "ನಿನ್ನ ನಾಲಿಗೆಗೆ ಕೊಡ್ತಿಲ್ಲ, ಮಗುವಿಗೆ ಕೊಡ್ತಿದೀನಿ. ಕಪಾಳಕ್ಕೆ ಹೊಡೆದ ಬಣ್ಣ ಆದೀತು ತಾನೇ?"

"ಆಗುತ್ತೆ ಅಕ್ಕ" ಎಂದಳು ದೇವೀರಿ.

ಪುಟ್ಟನಂಜಿಯ ಹಿಂದೆ ಈರುಳ್ಳಿ ಸಿಪ್ಪೆಯವರು ಬಂದರು, ಕಣಗಿಲೆಯವರು ಬಂದರು, ಹಿಮ್ಮಡಿ ಬಣ್ಣದವರು ಬಂದರು. ಒಬ್ಬೊಬ್ಬರೂ ಒಂದು ಮಾತು ಚುಚ್ಚಿದರು, ಒಂದು ಬೊಗಸೆ ಹಾಕಿದರು. ಎಲ್ಲವನ್ನೂ ಒಂದೇ ಮಡಕೆಯಲ್ಲಿ ಕಲಸಿದಾಗ, ಆ ರಾಜ್ಯದಲ್ಲಿ ಅದುವರೆಗೆ ಇರದಿದ್ದ ಒಂದು ಗುಲಾಬಿ ಹುಟ್ಟಿತು. ಜವರ ಮೇಲೆ ಬಳಿದ, ಪುಟ್ಟನಂಜಿ ಕೆಳಗೆ ಬಳಿದಳು. ಗೋಡೆ ಒದ್ದೆಯಿರುವಾಗಲೇ ಉಸಿರಾಡಿತು. ಮುತ್ತಿಯ ತುಟಿಗೆ ರಂಗು ಬಂತು, ಗದ್ದಕ್ಕೆ ಬಂತು, ಹೆಬ್ಬೆರಳಿಗೂ ಬಂತು. ಅವಳು ಅಮ್ಮನ ಭುಜಕ್ಕೆ ಜೊಲ್ಲು ಸುರಿಸಿ ಮಲಗಿದಳು.

ಧವಳಾಕ್ಷ ಗೊರಕೆ ಹೊಡೆಯುತ್ತಲೇ ಉಳಿದ, ಏಳುವ ಮನಸ್ಸೂ ಮಾಡಲಿಲ್ಲ. ರಾಕ್ಷಸಿಯ ರಂಗೋಲಿ ನೋಡಲು ಜನ ಬುತ್ತಿ ಕಟ್ಟಿಕೊಂಡು ಹೋಗತೊಡಗಿದರು. ಕಣಗಿಲೆಗಿರಿಯವರು ಜಗಳವಾಡಿಕೊಂಡು, ಕೊಟ್ಟು ತೆಗೆದುಕೊಂಡು, ಸುಖವಾಗಿ ಬಾಳಿದರು.

ಬಣ್ಣ ಮರಳಿ ಬಂದ ಆ ಸಂಜೆ ಮಾತ್ರ, ಮಕ್ಕಳು ಮಲಗಿದ ಮರುಗಳಿಗೆಯೇ ತಾಯಂದಿರೂ ಕೂತಲ್ಲೇ ಒರಗಿ ಮಲಗಿಬಿಟ್ಟರು. ರಾಜ್ಯದ ಒಲೆಗಳ ಮೇಲೆಲ್ಲ ಅನ್ನ ಸೀದಿತು. ಅದಕ್ಕೆ ಯಾರೂ ಯಾರನ್ನೂ ಬೈಯಲಿಲ್ಲ.